ತೊಟ್ಟಿಲು, ಒಳಲೆ, ಕುಲಾವಿ: ಮಗುವಿಗೆ ಬೇಕಾದ ಸಾಮಾನು ಯಾವುದು?

ಮಕ್ಕಳ ತಜ್ಞರು ನಮ್ಮ ಸ್ಟುಡಿಯೋಗೆ ಬಂದಾಗಲೆಲ್ಲ ವೀಕ್ಷಕರಿಂದ ಬರುವ ಪ್ರಶ್ನೆಗಳಲ್ಲಿ ಕಾಯಿಲೆಯದು ಅರ್ಧ, ಸಾಮಾನಿನದು ಅರ್ಧ. ವಾಕರ್ ಕೊಡಿಸಬಹುದೇ? ಡಯಾಪರ್ ಹಾಕಿದರೆ ಕಾಲು ಸೊಟ್ಟಗಾಗುತ್ತದೆಯೇ? ಅತ್ತೆ ಒಳಲೆಯಲ್ಲಿ ಹಾಲು ಹಾಕು ಅನ್ನುತ್ತಾರೆ, ಬಾಟಲಿ ವಾಸಿಯೇ? ಕಾಡಿಗೆ ಹಚ್ಚಬಹುದೇ? ಅರ್ಧ ಗಂಟೆಯ ಮಾತುಕತೆಯಲ್ಲಿ ವೈದ್ಯರು ‘ಹಚ್ಚಬೇಡಿ’, ‘ಕೊಡಿಸಬೇಡಿ’ ಎಂದು ಹೇಳಿ ಮುಂದಿನ ಕರೆಗೆ ಹೋಗಬೇಕಾಗುತ್ತದೆ. ಏಕೆ ಬೇಡ ಎನ್ನುವುದಕ್ಕೆ ಹೊತ್ತು ಉಳಿಯುವುದಿಲ್ಲ. ಕಾರಣ ತಿಳಿಯದ ಸಲಹೆಯನ್ನು ಮನೆಯ ಹಿರಿಯರ ಮುಂದೆ ಇಡುವುದು ಎಷ್ಟು ಕಷ್ಟ ಎಂಬುದು ನಿಮಗೇ ಗೊತ್ತು. ಅದಕ್ಕಾಗಿ ಈ ಪುಟಗಳು. ನಾನು ಓದಿದ್ದು ಬಿ.ಎಸ್ಸಿ., ವೈದ್ಯಕೀಯವಲ್ಲ. ಆದರೆ ಎರಡು ಮಕ್ಕಳನ್ನು ಬೆಳೆಸುವಾಗ ಮನೆಗೆ ಬಂದ ಒಂದೊಂದು ಸಾಮಾನನ್ನೂ ತಿರುಗಿಸಿ ಮುರುಗಿಸಿ ನೋಡುವ ಅಭ್ಯಾಸ ಆ ಓದಿನಿಂದಲೇ ಬಂತು.

ಈ ವಿಷಯದಲ್ಲಿ ನಮ್ಮಲ್ಲಿ ಎರಡು ಪಕ್ಷಗಳಿವೆ. ಅಜ್ಜಿಯ ಕಾಲದ್ದೆಲ್ಲ ಅಮೃತ ಎನ್ನುವವರು ಒಂದು ಕಡೆ, ಅಂಗಡಿಯಲ್ಲಿ ಹೊಳೆಯುವ ಡಬ್ಬದಲ್ಲಿ ಬಂದದ್ದೆಲ್ಲ ವಿಜ್ಞಾನ ಎನ್ನುವವರು ಇನ್ನೊಂದು ಕಡೆ. ಮಗುವಿನ ದೇಹಕ್ಕೆ ಈ ಜಗಳ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಶಾಖ, ಉಸಿರು, ಬಾಯಿಗೆ ಹೋಗುವ ವಸ್ತು, ಎಲುಬಿನ ಮೇಲೆ ಬೀಳುವ ಭಾರ, ಇಷ್ಟೇ. ಹೀಗೆ ನೋಡುತ್ತ ಹೋದರೆ ಅಜ್ಜಿಯ ಪೆಟ್ಟಿಗೆಯಿಂದಲೂ ಕೆಲವನ್ನು ಇಟ್ಟುಕೊಳ್ಳಬೇಕು, ಕೆಲವನ್ನು ಬಿಡಬೇಕು. ಅಂಗಡಿಯಿಂದಲೂ ಹಾಗೆಯೇ.

ದೊಡ್ಡವರ ದೇಹವನ್ನು ಚಿಕ್ಕದು ಮಾಡಿದರೆ ಮಗುವಾಗುವುದಿಲ್ಲ. ಹುಟ್ಟಿದ ಮಗುವಿನ ತಲೆಯೇ ಅದರ ಉದ್ದದ ಕಾಲು ಭಾಗ. ಒಂದು ಕೆ.ಜಿ. ತೂಕಕ್ಕೆ ಎಷ್ಟು ಚರ್ಮ ಎಂದು ಲೆಕ್ಕ ಹಾಕಿದರೆ ಮಗುವಿಗೆ ನಮಗಿಂತ ಸುಮಾರು ಎರಡೂವರೆ ಪಟ್ಟು ಹೆಚ್ಚು. ಲೋಟದ ಕಾಫಿ ಪಾತ್ರೆಯ ಕಾಫಿಗಿಂತ ಬೇಗ ಆರುವುದೂ ಇದೇ ಕಾರಣಕ್ಕೆ. ನಮ್ಮ ಹಾಗೆ ನಡುಗಿ ಮೈ ಬಿಸಿ ಮಾಡಿಕೊಳ್ಳುವುದೂ ಎಳೆಗೂಸಿಗೆ ಬರುವುದಿಲ್ಲ. ಇನ್ನು ಅದರ ಉಸಿರ್ನಾಳ ಪೆನ್ಸಿಲಿಗಿಂತ ಸಣ್ಣದು. ಇವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಮೊದಲು ಬಟ್ಟೆ. ನನ್ನ ಮೆಚ್ಚಿನ ವಸ್ತುಗಳಲ್ಲಿ ಮೊದಲ ಸ್ಥಾನ ಹಳೆಯ ಹತ್ತಿ ಸೀರೆಗೆ. ಅದರಲ್ಲಿ ಹರಿದ ತುಂಡುಗಳೇ ಲಂಗೋಟಿ, ಅವೇ ಒರೆಸುವ ಬಟ್ಟೆ, ಅವೇ ಹಾಸು. ಅದು ಬಡತನದ ಉಪಾಯ ಎಂದು ಮೂಗು ಮುರಿಯುವವರಿದ್ದಾರೆ. ಒಂದು ಸಣ್ಣ ಪರೀಕ್ಷೆ ಮಾಡಿ. ಅಂಗಡಿಯಿಂದ ತಂದ ಹೊಸ ಹತ್ತಿ ಬಟ್ಟೆಯ ಮೇಲೆ ಒಂದು ಹನಿ ನೀರು ಹಾಕಿ, ಹಳೆಯ ಸೀರೆಯ ಮೇಲೆ ಇನ್ನೊಂದು ಹನಿ. ಹಳೆಯದು ತಕ್ಷಣ ಹೀರಿಕೊಳ್ಳುತ್ತದೆ, ಹೊಸದರ ಮೇಲೆ ಹನಿ ಸ್ವಲ್ಪ ಹೊತ್ತು ಕೂರುವುದುಂಟು. ಮಗ್ಗಕ್ಕೆ ಹಾಕುವ ಮುಂಚೆ ನೂಲಿಗೆ ಗಂಜಿ ಹಚ್ಚಿರುತ್ತಾರೆ, ಆಮೇಲೆ ಬಟ್ಟೆ ಸುಕ್ಕಾಗದಿರಲೆಂದು ರಾಸಾಯನಿಕವನ್ನೂ ಸೇರಿಸುವುದುಂಟು. ಹತ್ತಾರು ಒಗೆತ ಕಂಡ ಸೀರೆಯಲ್ಲಿ ಇವೆಲ್ಲ ಹೋಗಿರುತ್ತವೆ. ಹೊಸ ಬಟ್ಟೆಯನ್ನು ಒಗೆಯದೆ ಮಗುವಿಗೆ ಹಾಕಬಾರದು ಎಂಬ ಮನೆಮಾತಿಗೆ ಇದಕ್ಕಿಂತ ಒಳ್ಳೆಯ ಕಾರಣ ಬೇಡ. ಹತ್ತಿಯ ಎಳೆ ನೀರನ್ನು ತನ್ನೊಳಗೇ ಎಳೆದುಕೊಳ್ಳುತ್ತದೆ. ಪಾಲಿಯೆಸ್ಟರ್ ಎಳೆ ಹಾಗೆ ಮಾಡುವುದಿಲ್ಲ, ನೀರು ಎಳೆಗಳ ನಡುವೆ ನಿಲ್ಲುತ್ತದೆ. ಹುಟ್ಟುಹಬ್ಬಕ್ಕೆ ಬರುವ ಜರಿ, ಜಾಲರಿಯ ಫ್ರಾಕುಗಳು ಫೋಟೋಗೆ ಚೆನ್ನ, ಹತ್ತು ನಿಮಿಷಕ್ಕೆ ಸಾಕು.

ಧಾರವಾಡದ ಕಡೆಯವರಾದ ನಮ್ಮತ್ತೆ ಮೊದಲ ಮೊಮ್ಮಗುವಿಗೆ ಎರಡು ವಸ್ತು ತಂದುಕೊಟ್ಟರು, ಒಂದು ಕೌದಿ, ಒಂದು ಕುಂಚಿಗಿ. ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು ಕೈಹೊಲಿಗೆ ಹಾಕಿದ ಕೌದಿಯ ಮೇಲೆ ಮಗು ಒದ್ದೆ ಮಾಡಿದರೆ ನೀರು ಕೆಳಪದರಕ್ಕೆ ಇಳಿಯುತ್ತದೆ. ಪದರಗಳ ನಡುವಿನ ಗಾಳಿ ನೆಲದ ತಣ್ಪನ್ನು ತಡೆಯುತ್ತದೆ. ಒಗೆದು ಬಿಸಿಲಿಗೆ ಹಾಕಬಹುದು. ಹಾಸಲು ಇದಕ್ಕೆ ಸಮನಾದದ್ದನ್ನು ನಾನು ಕಂಡಿಲ್ಲ. ಆದರೆ ಹೊದಿಸಲು ಅಲ್ಲ. ಮುಖದವರೆಗೆ ಬರುವ ದಪ್ಪ ಹೊದಿಕೆ ಉಸಿರಿಗೂ ಶಾಖಕ್ಕೂ ಅಡ್ಡಿ. ಇನ್ನು ಕುಂಚಿಗಿ. ತಲೆಯಿಂದ ಬೆನ್ನಿನವರೆಗೆ ಇಳಿಯುವ ಆ ಖಣದ ಟೋಪಿ ಮಾಗಿಯ ಚಳಿಯಲ್ಲಿ ಹೊರಗೆ ಹೊರಟಾಗ ಎಷ್ಟು ಸರಿಯೋ, ರಾಯಚೂರಿನ ಬೇಸಿಗೆಯಲ್ಲಿ ಮನೆಯೊಳಗೆ ಅಷ್ಟೇ ತಪ್ಪು. ತಲೆ ದೊಡ್ಡದಾದ್ದರಿಂದ ಮಗು ಶಾಖ ಕಳೆದುಕೊಳ್ಳುವುದೂ ಅಲ್ಲಿಂದಲೇ, ಸೆಖೆಯಾದಾಗ ಶಾಖ ಬಿಡುವುದೂ ಅಲ್ಲಿಂದಲೇ. ಚಳಿಯಲ್ಲಿ ನಿಮಗಿಂತ ಒಂದು ಪದರ ಹೆಚ್ಚು, ಸೆಖೆಯಲ್ಲಿ ನಿಮ್ಮಷ್ಟೇ. ಅಂಗೈ ಅಂಗಾಲು ಮುಟ್ಟಿ ‘ತಣ್ಣಗಿದೆ’ ಎಂದು ಇನ್ನೊಂದು ಸ್ವೆಟರ್ ಹಾಕಬೇಡಿ, ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಅಲ್ಲಿ ಬೆವರಿದ್ದರೆ ಬಟ್ಟೆ ಹೆಚ್ಚಾಯಿತು. ಕುಲಾವಿಯ ದಾರವನ್ನು ಗದ್ದದ ಕೆಳಗೆ ಕಟ್ಟಿ ಮಲಗಿಸುವುದು ಬೇಡ. ಕೊರಳಿನ ಕಪ್ಪು ಮಣಿಸರವೂ ನಿದ್ದೆಯ ಹೊತ್ತಿಗೆ ಬೇಡ.

ಶಾಖದ ಮಾತು ಬಂದಾಗ ಒಂದು ದೊಡ್ಡ ಸಂಶೋಧನೆಯನ್ನು ಹೇಳಲೇಬೇಕು. 1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾದಲ್ಲಿ ಎಡ್ಗರ್ ರೇ ಎಂಬ ವೈದ್ಯರು, ಇನ್‌ಕ್ಯುಬೇಟರುಗಳು ಸಾಲದೆ ಬಂದಾಗ, ತೂಕ ಕಡಿಮೆಯಿದ್ದ ಕೂಸುಗಳನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಸಿದರು. ಕಾಂಗರೂ ಆರೈಕೆ ಎಂದು ಅದಕ್ಕೆ ಹೆಸರು ಬಂತು, ಇಂದು ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಶಿಫಾರಸು ಮಾಡುತ್ತದೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಅದನ್ನು ದೊಡ್ಡ ಪ್ರಮಾಣದಲ್ಲಿ ಅಳವಡಿಸಿ ನೋಡಿದ್ದಾರೆ. ಬೇಕಾದ ಸಲಕರಣೆ ಒಂದು ಉದ್ದನೆಯ ಬಟ್ಟೆ. ತಾಯಿಗೆ ಆಗದಿದ್ದಾಗ ತಂದೆಯ ಎದೆಯೂ ಆಗುತ್ತದೆ.

ಡಯಾಪರ್ ಬಗ್ಗೆ ಹೆಚ್ಚು ಜಗಳ ಬೇಡ. ಕಾಲು ಸೊಟ್ಟಗಾಗುವುದಿಲ್ಲ. ಅದರೊಳಗೆ ಇರುವುದು ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಪುಡಿ. ತನ್ನ ತೂಕದ ನೂರಾರು ಪಟ್ಟು ಶುದ್ಧ ನೀರನ್ನು ಹೀರಿ ಲೋಳೆಯಂತೆ ಉಬ್ಬುತ್ತದೆ. ಬಳಸದ ಒಂದು ಡಯಾಪರ್ ಕತ್ತರಿಸಿ, ಪುಡಿಯನ್ನು ಲೋಟಕ್ಕೆ ಹಾಕಿ ನೀರು ಸುರಿದು, ಆಮೇಲೆ ಒಂದು ಚಮಚ ಉಪ್ಪು ಬೆರೆಸಿ ನೋಡಿ. ಗಟ್ಟಿಯಾದದ್ದು ಮತ್ತೆ ನೀರು ಬಿಡುತ್ತದೆ. ಮೂತ್ರದಲ್ಲಿ ಉಪ್ಪಿದೆ, ಹಾಗಾಗಿ ಅಲ್ಲಿ ಅದರ ಶಕ್ತಿ ಬಹಳ ಕಡಿಮೆ. ಡಬ್ಬದ ಮೇಲಿನ ‘ಹನ್ನೆರಡು ಗಂಟೆ’ಯನ್ನು ನಂಬದೆ ಮೂರು ನಾಲ್ಕು ಗಂಟೆಗೊಮ್ಮೆ, ಮಲವಾದ ಕೂಡಲೇ, ಬದಲಾಯಿಸಿ. ತೇವ, ಮೂತ್ರದ ಅಮೋನಿಯ, ಮಲದ ಕಿಣ್ವಗಳು ಮೂರೂ ಸೇರಿ ಚರ್ಮವನ್ನು ಕೆಂಪಾಗಿಸುತ್ತವೆ. ಅದರ ಮೇಲೆ ಪೌಡರ್ ಸುರಿದರೆ ಪ್ರಯೋಜನ ಕಡಿಮೆ, ಹಾರಿದ ಪುಡಿ ಮಗುವಿನ ಶ್ವಾಸಕ್ಕೆ ಹೋಗುವುದು ಖಂಡಿತ. ನಮ್ಮ ಮನೆಯಲ್ಲಿ ಹಗಲು ಲಂಗೋಟಿ, ರಾತ್ರಿ ಮತ್ತು ಪ್ರಯಾಣಕ್ಕೆ ಡಯಾಪರ್. ಬಳಸಿದ್ದನ್ನು ಕಾಗದದಲ್ಲಿ ಸುತ್ತಿ ಬೇರೆಯಾಗಿ ಕೊಡಿ, ಕಸ ಎತ್ತುವವರದ್ದೂ ಕೈಯೇ.

ಕಾಲಿನ ವಿಷಯದಲ್ಲಿ ನಿಜವಾಗಿ ಹೆದರಬೇಕಾದದ್ದು ಬೇರೆ ಇದೆ. ಕಾಲೆರಡನ್ನೂ ನೇರ ಮಾಡಿ ಬಿಗಿಯಾಗಿ ಬಟ್ಟೆ ಸುತ್ತುವ ಪದ್ಧತಿ. ಎಳೆಮಗುವಿನ ಸೊಂಟದ ಕೀಲು ಇನ್ನೂ ಮೆದುವಾಗಿದ್ದು, ತೊಡೆ ಅಗಲಿ ಮಡಿಸಿದ್ದಾಗಲೇ ಅದು ಸರಿಯಾಗಿ ಕೂರುತ್ತದೆ. ಜಪಾನಿನಲ್ಲಿ 1975ರ ಸುಮಾರಿಗೆ ಮಕ್ಕಳ ಕಾಲನ್ನು ನೇರ ಮಾಡಿ ಸುತ್ತಬೇಡಿ ಎಂದು ದೇಶದಾದ್ಯಂತ ಪ್ರಚಾರ ಮಾಡಿದ ಮೇಲೆ ಸೊಂಟದ ಕೀಲು ತಪ್ಪುವ ಪ್ರಕರಣಗಳು ಬಹಳ ಇಳಿದವು. ಹಾಗೆ ನೋಡಿದರೆ ನಮ್ಮ ಹೆಂಗಸರು ಮಗುವನ್ನು ಕಂಕುಳಲ್ಲಿ ಎತ್ತಿಕೊಳ್ಳುವ ಭಂಗಿ ಸೊಂಟಕ್ಕೆ ಬಹಳ ಒಳ್ಳೆಯದು.

ಇನ್ನು ತೊಟ್ಟಿಲು. ಲೋಲಕದ ನಿಯಮ ಹೈಸ್ಕೂಲಿನಲ್ಲಿ ಓದಿದ್ದು ನಿಮಗೆ ನೆನಪಿರಬಹುದು. ತೂಗುವ ಕಾಲ ಹಗ್ಗದ ಉದ್ದಕ್ಕೆ ಸಂಬಂಧಿಸಿದ್ದು, ಮಗುವಿನ ತೂಕಕ್ಕಲ್ಲ. ಒಂದು ಮೀಟರ್ ಉದ್ದವಿದ್ದರೆ ಹೋಗಿ ಬರಲು 2 ಸೆಕೆಂಡು, ಎರಡೂಕಾಲು ಮೀಟರ್ ಇದ್ದರೆ 3 ಸೆಕೆಂಡು. ತೊಲೆಯಿಂದ ಇಳಿಬಿಟ್ಟ ತೊಟ್ಟಿಲು ನಿಧಾನವಾಗಿ ಒಂದೇ ಲಯದಲ್ಲಿ ತೂಗುವುದು ಇದರಿಂದ. ಕುಣಿಯುವ ಸ್ಪ್ರಿಂಗಿನ ತೊಟ್ಟಿಲಿಗಿಂತ ನನಗೆ ಅದೇ ಇಷ್ಟ. ಮಟ್ಟಸ ತಳದ ಮರದ ತೊಟ್ಟಿಲಿನ ಬಗ್ಗೆ ಈ ಮಾತು. ಸೀರೆಯ ಜೋಲಿ ಹಾಗಲ್ಲ. ಅದರಲ್ಲಿ ಮಗು ಮುದುಡಿ ಗದ್ದ ಎದೆಗೆ ಒತ್ತುತ್ತದೆ. ಪೆನ್ಸಿಲಿಗಿಂತ ಸಣ್ಣ ಉಸಿರ್ನಾಳ ಮಡಿಸಿದ ಕೊಳವೆಯಾಗುತ್ತದೆ, ಎರಡೂ ಬದಿಯ ಬಟ್ಟೆ ಮುಖಕ್ಕೆ ಬೀಳುತ್ತದೆ. ಹೊಲದ ಕೆಲಸದ ನಡುವೆ ಕಣ್ಣೆದುರು ಸ್ವಲ್ಪ ಹೊತ್ತು ತೂಗುವುದು ಬೇರೆ, ರಾತ್ರಿಯಿಡೀ ಬಿಡುವುದು ಬೇರೆ. ಕೂಸು ಮಗುಚಿಕೊಳ್ಳಲು ಕಲಿತ ಮೇಲೆ ಜೋಲಿ ಪೂರ್ತಿ ನಿಲ್ಲಬೇಕು. ಖಾಲಿ ಜೋಲಿಯನ್ನು ಬಿಚ್ಚಿಡಿ. ಅಣ್ಣ ಅಕ್ಕ ಅದರಲ್ಲಿ ಸುತ್ತಿಕೊಂಡು ಆಡುವಾಗ ಕೊರಳಿಗೆ ಉರುಳಾದ ಪ್ರಸಂಗಗಳು ನಮ್ಮ ದೇಶದಲ್ಲಿ ದಾಖಲಾಗಿವೆ.

ಮಗುವನ್ನು ಅಂಗಾತ ಮಲಗಿಸಿ. ಬ್ರಿಟನ್ನಿನಲ್ಲಿ 1991ರಲ್ಲಿ, ಅಮೆರಿಕದಲ್ಲಿ 1994ರಲ್ಲಿ ಈ ಒಂದು ಮಾತನ್ನು ಮನೆಮನೆಗೆ ಮುಟ್ಟಿಸಿದ ಮೇಲೆ ನಿದ್ದೆಯಲ್ಲಿ ಕಾರಣ ತಿಳಿಯದೆ ಸಾಯುವ ಶಿಶುಗಳ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು. ಬ್ರಿಟನ್ನಿನಲ್ಲಿ ಆ ಸುದ್ದಿಯನ್ನು ಮುಟ್ಟಿಸಿದ್ದರಲ್ಲಿ ಟೆಲಿವಿಷನ್ನಿನ ಪಾಲು ದೊಡ್ಡದು, ಈ ವೃತ್ತಿಯವರಾಗಿ ನಮಗೆ ಅದು ಹೆಮ್ಮೆ. ತಲೆ ದುಂಡಗಾಗಲಿ ಎಂದು ಇಡುವ ಸಾಸಿವೆ ದಿಂಬು, ರಾಗಿ ದಿಂಬುಗಳ ಅಗತ್ಯವಿಲ್ಲ. ಎಚ್ಚರವಿದ್ದಾಗ ನಿಮ್ಮ ಕಣ್ಣೆದುರು ಬೋರಲು ಹಾಕಿ ಆಡಿಸಿದರೆ ತಲೆಯೂ ಸರಿಯಾಗುತ್ತದೆ, ಕತ್ತೂ ಬಲಿಯುತ್ತದೆ.

ಒಳಲೆಗೆ ಬರೋಣ. ಕೆಲವು ಕಡೆ ಒಳ್ಳೆ ಎನ್ನುತ್ತಾರೆ. ಮೂತಿಯಿರುವ ಆ ಪುಟ್ಟ ಬಟ್ಟಲನ್ನು ಹಳೆಯ ಕಾಲದ್ದೆಂದು ಅಟ್ಟಕ್ಕೆ ಹಾಕಿದವರು ಈಗ ದೊಡ್ಡ ಆಸ್ಪತ್ರೆಯ ನವಜಾತ ಶಿಶು ವಿಭಾಗಕ್ಕೆ ಹೋಗಿ ನೋಡಬೇಕು. ಮೊಲೆ ಚೀಪಲು ಶಕ್ತಿಯಿಲ್ಲದ ಕೂಸಿಗೆ ಹಿಂಡಿದ ತಾಯಿಹಾಲನ್ನು ಅಲ್ಲಿ ಕುಡಿಸುವುದು ಇಂಥದರಲ್ಲೇ. ವೈದ್ಯಕೀಯ ಪುಸ್ತಕಗಳಲ್ಲಿ ‘ಪಾಲಡೈ’ ಎಂಬ ತಮಿಳು ಹೆಸರಿನಿಂದ ಅದು ಸೇರಿಕೊಂಡಿದೆ. ಕಾರಣ ಸರಳ. ಇಡೀ ಬಟ್ಟಲು ತೆರೆದಿದೆ, ಉಜ್ಜಬಹುದು, ಕುದಿಸಬಹುದು. ಬಾಟಲಿಯ ತಿರುಪಿನಲ್ಲಿ, ರಬ್ಬರ್ ತೊಟ್ಟಿನ ಒಳಗೆ ಉಳಿಯುವ ಹಾಲಿನ ಪೊರೆಯಲ್ಲಿ ರೋಗಾಣುಗಳು ಬೆಳೆಯುತ್ತವೆ. ಹಾಲಿನ ಬಾಟಲಿಯ ಜಾಹೀರಾತನ್ನು ನೀವು ಟಿ.ವಿ.ಯಲ್ಲಿ ಕಾಣದಿರುವುದಕ್ಕೂ ಕಾರಣವಿದೆ. 1992ರ ಕಾಯಿದೆ ಹಾಲಿನ ಬಾಟಲಿ ಮತ್ತು ಶಿಶುಹಾಲಿನ ಪುಡಿಯ ಜಾಹೀರಾತನ್ನು ನಿಷೇಧಿಸಿದೆ, 2003ರ ತಿದ್ದುಪಡಿ ಅದನ್ನು ಇನ್ನೂ ಬಿಗಿಗೊಳಿಸಿತು. ಆರು ತಿಂಗಳವರೆಗೆ ತಾಯಿಹಾಲೊಂದೇ ಸಾಕು ಎಂಬುದನ್ನು ಯಾವ ಡಬ್ಬವೂ ಮರೆಸಬಾರದು.

ಆದರೆ ಒಳಲೆ ಒಳ್ಳೆಯದಾದರೂ ಅದನ್ನು ಬಳಸುವ ರೀತಿ ಎಲ್ಲೆಡೆ ಒಳ್ಳೆಯದಲ್ಲ. ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿ, ಅಳುವಾಗ ಮೂಗು ಹಿಡಿದು ಗಂಟಲಿಗೆ ಸುರಿಯುವುದನ್ನು ಈಗಲೂ ಕಾಣುತ್ತೇವೆ. ಅಳುವ ಮಗು ಉಸಿರೆಳೆದಾಗ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಮಗುವನ್ನು ಎತ್ತಿ ಅರ್ಧ ಕೂರಿಸಿ, ಮೂತಿಯನ್ನು ತುಟಿಯ ಅಂಚಿಗೆ ತಾಗಿಸಿ, ಅದು ನುಂಗಿದಷ್ಟೇ ಬಾಗಿಸಬೇಕು. ಇದಕ್ಕಿಂತ ಅಪಾಯದ್ದು ಎಣ್ಣೆನೀರಿನ ದಿನ ಮೂಗಿಗೆ, ಗಂಟಲಿಗೆ ಬಿಡುವ ಎಣ್ಣೆ. ನೀರು ಶ್ವಾಸನಾಳಕ್ಕೆ ಹೋದರೆ ಕೆಮ್ಮು ಬಂದು ಹೊರದೂಡುತ್ತದೆ. ಎಣ್ಣೆ ನುಣುಪು, ಕೆಮ್ಮನ್ನು ಎಬ್ಬಿಸದೆ ಸದ್ದಿಲ್ಲದೆ ಇಳಿಯುತ್ತದೆ. ಒಳಗೆ ಹೋದದ್ದನ್ನು ಅರಗಿಸಲು ಶ್ವಾಸಕೋಶಕ್ಕೆ ಬರುವುದಿಲ್ಲ. ಅಲ್ಲೇ ಉಳಿದು ನ್ಯುಮೋನಿಯಾ ತರುತ್ತದೆ. ದಕ್ಷಿಣ ಭಾರತದ ಮಕ್ಕಳ ವೈದ್ಯರಿಗೆ ಇದು ಚಿರಪರಿಚಿತ.

ನೀರು ಹಾಕುವ ಅಜ್ಜಿಗೆ ಇದನ್ನು ಹೇಳುವುದು ಹೇಗೆ? ಅವರ ಕೈಯ ಹದ ದೊಡ್ಡದು, ಅದನ್ನು ಬಿಡಿಸುವ ಅಗತ್ಯವೇ ಇಲ್ಲ. ಮೈಗೆ ಎಣ್ಣೆ ತಿಕ್ಕುವುದು ಮಗುವಿಗೆ ಹಿತ. ‘ಅಜ್ಜಿ, ಮೈಗೆಲ್ಲ ಹಚ್ಚಿ, ಮೂಗಿಗೆ ಮಾತ್ರ ಬೇಡವೆಂದು ಡಾಕ್ಟರು ಹೇಳಿದ್ದಾರೆ’ ಎಂದರೆ ಅವರು ಒಪ್ಪುತ್ತಾರೆ. ಸಾಂಬ್ರಾಣಿ ಹೊಗೆಯನ್ನು ಮಗುವಿಗೆ ಹಿಡಿಯುವ ಬದಲು, ಬಟ್ಟೆಗೆ ಹಿಡಿದು ಗಾಳಿಯಾಡಿಸಿ ತರಲಿ. ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಲಿ, ಕೆಲಸ ಮಾಡಿ ಬಲಿತ ಅಂಗೈಗೆ ಸುಡುನೀರೂ ಉಗುರುಬೆಚ್ಚಗೆನಿಸುತ್ತದೆ. ಬಜೆ ತೇಯ್ದು ನಾಲಿಗೆಗೆ ಹಚ್ಚುವುದನ್ನೂ ನಿಲ್ಲಿಸಬೇಕು. ಅದರಲ್ಲಿರುವ ಅಸರೋನ್ ಎಂಬ ವಸ್ತುವಿನ ಕಾರಣಕ್ಕೆ ಅಮೆರಿಕ 1968ರಲ್ಲೇ ಬಜೆಯನ್ನು ಆಹಾರದಲ್ಲಿ ನಿಷೇಧಿಸಿತು. ನಮ್ಮ ನೆಲದ ಬಜೆಯಲ್ಲಿ ಆ ಅಂಶ ಹೆಚ್ಚು. ಮಾತು ಬೇಗ ಬರಲಿ ಎಂದೇ ಬಜೆ ಹಚ್ಚುವುದಾದರೆ, ಅದಕ್ಕೆ ಇರುವ ಮದ್ದು ಮಗುವಿನೊಡನೆ ಮಾತಾಡುವುದು.

ಕಾಡಿಗೆಯದು ಎರಡು ಕಥೆ. ಮನೆಯಲ್ಲಿ ಹರಳೆಣ್ಣೆ ದೀಪದ ಮಸಿಯಿಂದ ಮಾಡಿದ್ದು ಬಹುಪಾಲು ಇಂಗಾಲ, ಅಲ್ಲಿ ತೊಂದರೆ ತರುವುದು ಹಚ್ಚುವ ಬೆರಳು, ಉಗುರು. ಅಂಗಡಿಯ ಸುರ್ಮಾಗಳಲ್ಲಿ ಹಲವು ಸೀಸದ ಸಲ್ಫೈಡಿನಿಂದ ಮಾಡಿದವು. ಮಗು ಕಣ್ಣುಜ್ಜಿದ ಕೈಯನ್ನು ಬಾಯಿಗೆ ಹಾಕುತ್ತದೆ, ಸೀಸ ಮೆದುಳಿಗೆ ಹೋಗುತ್ತದೆ. ಹೋದ ನಷ್ಟ ಮರಳಿ ಬರುವುದಿಲ್ಲ. ದೃಷ್ಟಿಬೊಟ್ಟು ಬೇಕೆಂದರೆ ಮನೆಯ ಕಾಡಿಗೆಯನ್ನು ಕಿವಿಯ ಹಿಂದೆ ಇಡಿ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ತುಪ್ಪಿಲ್ ವೆಂಕಟೇಶ್ ಅವರು ಸೀಸದ ಬಗ್ಗೆ ದಶಕಗಳ ಕಾಲ ದೇಶವನ್ನು ಎಚ್ಚರಿಸಿದರು. ಮನೆ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ಕೇಂದ್ರದ ನಿಯಮ ಜಾರಿಗೆ ಬಂದದ್ದು 2017ರಲ್ಲಿ. ಅಂದರೆ ನೆಂಟರ ಮನೆಯಿಂದ ಬಳುವಳಿಯಾಗಿ ಬರುವ, ಬಣ್ಣ ಎದ್ದ ಹಳೆಯ ತೊಟ್ಟಿಲನ್ನು ಮಗು ಕಚ್ಚುವ ವಯಸ್ಸಿನಲ್ಲಿ ಬಳಸಬಾರದು.

ಆಟಿಕೆಯಲ್ಲಿ ನನ್ನ ಪಕ್ಷಪಾತ ಚನ್ನಪಟ್ಟಣದ ಕಡೆಗೆ. ಆಲೆ ಮರವನ್ನು ಚರಕಿಯಲ್ಲಿ ತಿರುಗಿಸುತ್ತ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ, ತಾಳೆಗರಿಯಿಂದ ಹೊಳಪು ಬರುತ್ತದೆ. ಕೊಳ್ಳುವಾಗ ಅರಗಿನದೇ, ಪೇಂಟಿನದೇ ಎಂದು ಕೇಳಿ. ಕಾರ್ಖಾನೆಯ ಆಟಿಕೆಗೆ 2021ರ ಜನವರಿಯಿಂದ ಐ.ಎಸ್.ಐ. ಗುರುತು ಕಡ್ಡಾಯ. ಯಾವುದೇ ಆದರೂ ಗಾತ್ರ ನೋಡಿ. ಸುಮಾರು 3.2 ಸೆಂ.ಮೀ. ಅಗಲದ ಕೊಳವೆಯೊಳಗೆ ಇಳಿಯುವ ವಸ್ತು ಮೂರು ವರ್ಷದೊಳಗಿನ ಮಗುವಿನ ಗಂಟಲಿಗೆ ಅಪಾಯ. ಹಳೆಯ ಕ್ಯಾಮೆರಾ ಫಿಲ್ಮಿನ ಡಬ್ಬಿ ಹೆಚ್ಚು ಕಡಿಮೆ ಅದೇ ಅಳತೆ, ಮನೆಯಲ್ಲಿದ್ದರೆ ಎಸೆಯಬೇಡಿ. ಎಲ್ಲಕ್ಕಿಂತ ಕೆಟ್ಟದ್ದು ಗುಂಡಿಯಂಥ ಚಪ್ಪಟೆ ಬ್ಯಾಟರಿ. ಮಿನುಗುವ ಆಟಿಕೆ, ಸಣ್ಣ ರಿಮೋಟುಗಳಲ್ಲಿ ಇರುತ್ತದೆ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಡುತ್ತದೆ. ನುಂಗಿದ ಅನುಮಾನ ಬಂದರೂ ಸಾಕು, ಆಸ್ಪತ್ರೆಗೆ ಓಡಬೇಕು. ರಿಮೋಟಿನ ಜೊತೆ ಟಿ.ವಿ.ಯ ಮಾತೂ ಹೇಳಿಬಿಡುತ್ತೇನೆ, ನನ್ನ ಅನ್ನಕ್ಕೆ ಕುತ್ತಾದರೂ ಸರಿ. ಎರಡು ವರ್ಷದೊಳಗಿನ ಮಗುವಿಗೆ ಟಿ.ವಿ.ಯಾಗಲಿ ಮೊಬೈಲಾಗಲಿ ಬೇಡ.

ವಾಕರ್ ಕೊಡಿಸಬೇಡಿ. ಅದರಲ್ಲಿ ಕೂತ ಮಗು ಸೆಕೆಂಡಿಗೆ ಒಂದು ಮೀಟರ್ ಸರಿಯಬಲ್ಲದು. ನೀವು ‘ಅಯ್ಯೋ’ ಎನ್ನುವಷ್ಟರಲ್ಲಿ ಹೊಸಿಲಿಗೆ ಡಿಕ್ಕಿ ಹೊಡೆದಿರುತ್ತದೆ, ಮೆಟ್ಟಿಲಿಗೆ, ಮುಚ್ಚಳವಿಲ್ಲದ ಸಂಪಿಗೆ, ನೆಲದ ಮೇಲಿಟ್ಟ ಸಾರಿನ ಪಾತ್ರೆಗೆ ಮುಟ್ಟಿರುತ್ತದೆ. ನಡಿಗೆ ಬೇಗ ಬರುವುದೂ ಇಲ್ಲ. ಕಾಲ ತುದಿಯಿಂದ ತಳ್ಳುವುದನ್ನು ಕಲಿತ ಮಗುವಿಗೆ ಸಮತೋಲ ಕಲಿಯುವ ಅವಕಾಶವೇ ಸಿಗುವುದಿಲ್ಲ. ಕೆನಡಾ 2004ರಲ್ಲಿ ವಾಕರುಗಳ ಮಾರಾಟವನ್ನೇ ನಿಷೇಧಿಸಿತು, ಹಳೆಯದನ್ನು ಮಾರುವಂತೆಯೂ ಇಲ್ಲ. ತಾನೇ ಎದ್ದು ನಿಲ್ಲುವ ಮಗುವಿಗೆ ನಮ್ಮ ಮರದ ಮೂರು ಚಕ್ರದ ತಳ್ಳುಗಾಡಿ ಬೇರೆ ಲೆಕ್ಕ. ಅಲ್ಲಿ ಭಾರ ಹೊರುವುದು ಮಗುವಿನ ಕಾಲೇ.

ಕೊನೆಯದು ನಮ್ಮ ಊರುಗಳಲ್ಲಿ ಯಾರೂ ಸಾಮಾನಿನ ಪಟ್ಟಿಗೆ ಸೇರಿಸದ ವಸ್ತು, ಸ್ಕೂಟರಿನ ಸುರಕ್ಷಾ ಪಟ್ಟಿ. ಹಿಂದೆ ಕೂತ ತಾಯಿಯ ತೋಳು ಸಾಕು ಎಂದುಕೊಳ್ಳುತ್ತೇವೆ. ಲೆಕ್ಕ ಹಾಕಿ. ಗಂಟೆಗೆ 40 ಕಿ.ಮೀ. ವೇಗದ ಗಾಡಿ ಡಿಕ್ಕಿ ಹೊಡೆದು ಸೆಕೆಂಡಿನ ಐದನೇ ಒಂದು ಭಾಗದಲ್ಲಿ ನಿಂತರೆ, 10 ಕೆ.ಜಿ.ಯ ಮಗುವನ್ನು ಹಿಡಿದಿಡಲು ಸಿಮೆಂಟು ಮೂಟೆ ಎತ್ತುವುದಕ್ಕಿಂತ ಹೆಚ್ಚು ಬಲ ಬೇಕು, ಅದೂ ಮುನ್ಸೂಚನೆಯಿಲ್ಲದೆ. 2022ರಲ್ಲಿ ಪ್ರಕಟವಾಗಿ 2023ರ ಫೆಬ್ರವರಿಯಿಂದ ಜಾರಿಯಾದ ಕೇಂದ್ರದ ನಿಯಮದಂತೆ ನಾಲ್ಕು ವರ್ಷದೊಳಗಿನ ಮಗುವನ್ನು ಸವಾರರಿಗೆ ಕಟ್ಟುವ ಪಟ್ಟಿ ಇರಬೇಕು. ಒಂಬತ್ತು ತಿಂಗಳಿನಿಂದ ಮೇಲಿನ ಮಗುವಿಗೆ ಅಳತೆಗೆ ಸರಿಯಾದ ಹೆಲ್ಮೆಟ್ ಇರಬೇಕು, ವೇಗ 40 ಮೀರಬಾರದು. ಪಟ್ಟಿ 30 ಕೆ.ಜಿ. ತಾಳುವಂತಿರಬೇಕು. ಒಂಬತ್ತು ತಿಂಗಳಿಗಿಂತ ಚಿಕ್ಕದಾದರೆ, ದೊಡ್ಡ ತಲೆಯ ಮೇಲೆ ಹೆಲ್ಮೆಟ್ಟಿನ ಭಾರವನ್ನು ಆ ಎಳೆಯ ಕತ್ತು ತಾಳಲಾರದು. ಆಟೋ ಅಥವಾ ಬಸ್ಸು ಹಿಡಿಯಿರಿ. ಹೆಲ್ಮೆಟ್ ಕೊಳ್ಳಲು ಮಗುವನ್ನೇ ಅಂಗಡಿಗೆ ಕರೆದೊಯ್ಯಿರಿ. ಮುಂದಿನ ವರ್ಷಕ್ಕೂ ಬರಲಿ ಎಂದು ಒಂದು ಅಳತೆ ದೊಡ್ಡದು ತರಬೇಡಿ, ಸಡಿಲವಾದ ಹೆಲ್ಮೆಟ್ ಬಿದ್ದಾಗ ತಲೆಯ ಮೇಲೆ ಇರುವುದಿಲ್ಲ.